ಬಾಕ್ಸ್ ಎಲ್ಲಿದೆ ಅಂತ ಯಾರಿಗೆ ಗೊತ್ತು? ಬೆಂಗಳೂರಿನ ಫೈಬರ್ ಕಂಪನಿಯೊಂದು ಒಎಸ್‌ಎಸ್ ಬದಲಿಸಿದ ಪ್ರಕರಣ

ಪಶ್ಚಿಮ ಮತ್ತು ದಕ್ಷಿಣ ಬೆಂಗಳೂರಿನಲ್ಲಿ ಮನೆಗಳಿಗೂ ಸಣ್ಣಪುಟ್ಟ ಆಫೀಸುಗಳಿಗೂ ಫೈಬರ್ ಇಂಟರ್‌ನೆಟ್ ಕೊಡುವ ಮಧ್ಯಮ ಗಾತ್ರದ ಕಂಪನಿ ಇದು. ಹೆಸರು ಬೇಡ. ಊರಲ್ಲಿ ಇಂಥವು ಹಲವು ಇವೆ, ಎಲ್ಲರ ಮನೆ ದೋಸೆಯೂ ತೂತೇ. ಕಂಪನಿ ಬೆಳೆದದ್ದು ಒಂದೊಂದೇ ಬಡಾವಣೆಯ ಕೇಬಲ್ ಆಪರೇಟರ್‌ಗಳ ಜಾಲವನ್ನು ಕೊಂಡುಕೊಂಡು. ಹಾಗಾಗಿ ಪ್ರತಿ ಬಡಾವಣೆಯ ಜೊತೆ ಒಂದೊಂದು ನಂಬರಿನ ಪದ್ಧತಿ, ಒಂದೊಂದು ಎಕ್ಸೆಲ್ ಶೀಟು, ಮತ್ತು ಎಲ್ಲವೂ ಬಾಯಿಪಾಠ ಇರುವ ಒಬ್ಬೊಬ್ಬ ಹಳೇ ಹುಡುಗ ಬಂದು ಸೇರಿದರು. ನಾನು ಈ ಕೆಲಸದಲ್ಲಿ ಇನ್ವೆಂಟರಿ, ಅಂದರೆ ಯಾವ ಉಪಕರಣ ಎಲ್ಲಿದೆ ಎಂಬ ದಾಖಲೆ ನೋಡಿಕೊಳ್ಳುವ ತಂಡದ ಕಡೆಯಿಂದ ಇದ್ದವನು. ಆದ್ದರಿಂದ ಬರವಣಿಗೆ ಆ ಕಡೆಗೇ ವಾಲುತ್ತದೆ.

ಹೊರಗಿನವರಿಗೆ ಎರಡು ಮಾತು. ಟೆಲಿಕಾಂ ಕಂಪನಿಯೊಳಗೆ ಎರಡು ಬಗೆಯ ಸಾಫ್ಟ್‌ವೇರ್ ಇರುತ್ತದೆ. ಪ್ಲಾನು, ಬಿಲ್ಲು, ಗ್ರಾಹಕರ ಖಾತೆ ನೋಡಿಕೊಳ್ಳುವುದು ಬಿಎಸ್‌ಎಸ್. ಜಾಲವನ್ನು ನಡೆಸುವುದು ಒಎಸ್‌ಎಸ್: ಯಾವ ಉಪಕರಣ ಎಲ್ಲಿದೆ, ಯಾವ ಪೋರ್ಟ್ ಖಾಲಿ ಇದೆ, ಹೊಸ ಸಂಪರ್ಕ ಹೇಗೆ ಆನ್ ಆಗಬೇಕು, ಕೆಟ್ಟರೆ ಯಾರಿಗೆ ಗೊತ್ತಾಗಬೇಕು, ರಿಪೇರಿಗೆ ಯಾರು ಹೋಗಬೇಕು. ಬಿಲ್ಲು ತಪ್ಪಾದರೆ ಅದೇ ತಿಂಗಳು ಗಲಾಟೆಯಾಗುತ್ತದೆ. ಒಎಸ್‌ಎಸ್‌ನಲ್ಲಿ ತಪ್ಪು ನುಸುಳಿದರೆ ವರ್ಷಗಟ್ಟಲೆ ಯಾರಿಗೂ ಕಾಣುವುದಿಲ್ಲ. ಅದಕ್ಕೇ ದುಡ್ಡು ಯಾವಾಗಲೂ ಮೊದಲು ಬಿಎಸ್‌ಎಸ್‌ಗೆ ಹೋಗುತ್ತದೆ.

ಈ ಕಂಪನಿಯ ಒಎಸ್‌ಎಸ್ ನಾಲ್ಕು ತುಂಡುಗಳಾಗಿತ್ತು. ಇನ್ವೆಂಟರಿ ಪ್ಯಾಕೇಜ್ ತಾಮ್ರದ ತಂತಿಯ ಡಿಎಸ್‌ಎಲ್ ಕಾಲದ್ದು, ಮಾರಿದ ಕಂಪನಿಯೇ ಬೆಂಬಲ ನಿಲ್ಲಿಸಿತ್ತು. ಸಂಪರ್ಕ ಆನ್ ಮಾಡಲು ಪರ್ಲ್ ಸ್ಕ್ರಿಪ್ಟುಗಳಿದ್ದವು, ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಅಲಾರಂಗೆ ಎಸ್‌ಎನ್‌ಎಂಪಿ ಟ್ರ್ಯಾಪುಗಳನ್ನು, ಅಂದರೆ ಉಪಕರಣಗಳು ತಾವಾಗಿ ಕಳಿಸುವ ಎಚ್ಚರಿಕೆಗಳನ್ನು, ಒಂದರ ಕೆಳಗೊಂದು ಸುರಿಯುವ ಪರದೆ. ಟಿಕೆಟ್‌ಗಳಿಗೆ ಕಾಲ್ ಸೆಂಟರ್‌ನವರು ತಾವೇ ಕೊಂಡ ಇನ್ನೊಂದು ಸಾಫ್ಟ್‌ವೇರ್. ಇವುಗಳ ನಡುವೆ ಮಾತುಕತೆ ಅಂದರೆ ಮಧ್ಯರಾತ್ರಿ ಓಡುವ ಫೈಲ್ ವರ್ಗಾವಣೆ. ಬೆಳಿಗ್ಗೆ ಒಬ್ಬರಿಗೆ ಕೊಟ್ಟ ಪೋರ್ಟ್ ಮಧ್ಯಾಹ್ನವೂ ಖಾಲಿ ಅಂತಲೇ ತೋರಿಸುತ್ತಿತ್ತು. ಒಂದೇ ಪೋರ್ಟಿಗೆ ಇಬ್ಬರು ಗ್ರಾಹಕರನ್ನು ಬರೆದ ಕೆಲಸದ ಚೀಟಿಗಳು ಹೊರಟರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಎರಡನೆಯವನು ಹೋಗಿ ಬಾಕ್ಸ್ ತೆಗೆದು, "ಇದು ಆಕ್ಯುಪೈ ಆಗಿದೆ" ಅಂದುಕೊಂಡು, ಪಕ್ಕದ ಪೋರ್ಟಿಗೆ ಹಾಕಿ ಬರುತ್ತಿದ್ದ. ಪಕ್ಕದ ಪೋರ್ಟಿಗೆ ಹಾಕಿದ್ದು ಯಾವ ದಾಖಲೆಯಲ್ಲೂ ಬರುತ್ತಿರಲಿಲ್ಲ.

ಪಾರ್ಕಿನ ಕಾರಂಜಿ

ಬದಲಾವಣೆಗೆ ಹಣ ಮಂಜೂರಾಗಲು ಕಾರಣವಾದದ್ದು ಒಂದು ಸಂಜೆಯ ಕೇಬಲ್ ಕಟ್.

ವೈಟ್‌ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಕುವ ಕೆಲಸ ನಡೆಯುತ್ತಿದ್ದ ರಸ್ತೆಯಲ್ಲಿ ಜೆಸಿಬಿ 24 ಎಳೆಯ ಕೇಬಲ್ ಒಂದನ್ನು ಎಳೆದು ಹಾಕಿತು. ಬೆಂಗಳೂರಿನಲ್ಲಿ ಇದು ಸುದ್ದಿಯೇ ಅಲ್ಲ. ಆದರೆ ಕಟ್ ಆದ ಜಾಗ ವಿಚಿತ್ರವಾಗಿತ್ತು. ಒಂದೇ ಎಳೆಯನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಜಾಲದಲ್ಲಿ, ಎಕ್ಸ್‌ಚೇಂಜಿನಲ್ಲಿರುವ ಮೂಲ ಉಪಕರಣ ಓಎಲ್‌ಟಿಯ ಒಂದು ಪೋರ್ಟಿನಿಂದ ಒಂದೇ ಎಳೆ ಹೊರಟು, ದಾರಿಯಲ್ಲಿ ಮೊದಲ ಸ್ಪ್ಲಿಟರ್‌ನಲ್ಲಿ 8 ಕವಲಾಗಿ, ಪ್ರತಿ ಕವಲೂ ಬೀದಿಯ ಬಾಕ್ಸಿನ ಸ್ಪ್ಲಿಟರ್‌ನಲ್ಲಿ ಮತ್ತೆ 8 ಆಗಿ, ಒಟ್ಟು 64 ಮನೆ ಮುಟ್ಟುತ್ತದೆ. ಈ ಕೇಬಲ್ ಕಟ್ ಆದದ್ದು ಮೊದಲ ಸ್ಪ್ಲಿಟರ್ ದಾಟಿದ ಮೇಲೆ. ಹಲವು ಪೋರ್ಟುಗಳ ಒಂದೊಂದೆರಡು ಕವಲು ಸತ್ತವು, ಯಾವ ಪೋರ್ಟೂ ಪೂರ್ತಿ ಸಾಯಲಿಲ್ಲ. ಪೂರ್ತಿ ಪೋರ್ಟ್ ಸತ್ತಿದ್ದರೆ ಓಎಲ್‌ಟಿಯೇ ದೊಡ್ಡ ಅಲಾರಂ ಕೊಡುತ್ತಿತ್ತು. ಈಗ ಬಂದದ್ದು ಬಿಡಿಬಿಡಿ ಮನೆಗಳ ಸಣ್ಣ ಅಲಾರಂಗಳ ಸುರಿಮಳೆ. ನಾಕ್‌ನ, ಅಂದರೆ ಜಾಲದ ಮೇಲೆ ಹಗಲೂ ರಾತ್ರಿ ಕಣ್ಣಿಡುವ ಕೇಂದ್ರದ ಪರದೆ ಅವನ್ನು ಬಂದ ಹೊತ್ತಿನ ಪ್ರಕಾರ ಜೋಡಿಸಿತು, ಜಾಗದ ಪ್ರಕಾರ ಅಲ್ಲ.

ಅಷ್ಟರಲ್ಲಿ ಗ್ರಾಹಕರು ಫೋನ್ ಮಾಡತೊಡಗಿದರು. "ರೆಡ್ ಲೈಟ್ ಬ್ಲಿಂಕ್ ಆಗ್ತಿದೆ." ಒಂದೊಂದು ಕರೆಗೆ ಒಂದೊಂದು ಟಿಕೆಟ್. ವಿಳಾಸ ನೋಡಿ ಟಿಕೆಟ್ ಹಂಚುವ ಪದ್ಧತಿಯಾದ್ದರಿಂದ ಬೇರೆಬೇರೆ ಗುತ್ತಿಗೆದಾರರ ಹುಡುಗರು ಬೇರೆಬೇರೆ ಮನೆಗೆ ಹೊರಟರು. ಪ್ರತಿಯೊಬ್ಬನೂ ಮನೆಯಲ್ಲಿ ಪವರ್ ಮೀಟರ್ ಹಚ್ಚಿ ನೋಡಿದ, ಬೆಳಕಿಲ್ಲ. ಬೀದಿಯ ಬಾಕ್ಸಿಗೆ ಹೋದ, ಅಲ್ಲೂ ಇಲ್ಲ. ಕೇಬಲ್ ಕಟ್ ಆದ ಒಂದೇ ಜಾಗದ ಕಡೆಗೆ ಮೂರು ತಂಡಗಳು, ಒಬ್ಬರಿಗೊಬ್ಬರು ಇದ್ದಾರೆಂದು ಗೊತ್ತಿಲ್ಲದೆ, ನಡೆಯುತ್ತಿದ್ದವು.

ನಾಲ್ಕನೇ ತಂಡದ ಕೈಯಲ್ಲಿ ಓಟಿಡಿಆರ್ ಇತ್ತು. ಎಳೆಯೊಳಗೆ ಬೆಳಕು ಬಿಟ್ಟು, ಅದು ವಾಪಸ್ ಬರುವ ಹೊತ್ತಿನಿಂದ ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಹೇಳುವ ಉಪಕರಣ ಅದು. ದೂರ ಸರಿಯಾಗಿಯೇ ಬಂತು. ಇನ್ವೆಂಟರಿ ನಕ್ಷೆಯಲ್ಲಿ ಅಷ್ಟು ದೂರ ಅಳೆದು ಹೋಗಿ ನಿಂತರೆ ಅದು ಪಾರ್ಕಿನೊಳಗಿನ ಕಾರಂಜಿ! ಅಲ್ಲಿ ಯಾರೂ ನೆಲ ಅಗೆದಿರಲಿಲ್ಲ. ಕೊನೆಗೆ ಡ್ಯೂಟಿ ಮುಗಿಸಿ ಮನೆಗೆ ಹೋಗಿದ್ದ ಹಿರಿಯ ಸ್ಪ್ಲೈಸರ್‌ಗೆ, ಅಂದರೆ ಎಳೆ ಬೆಸೆಯುವವನಿಗೆ, ಫೋನ್ ಹೋಯಿತು.

"ಆ ಕೇಬಲ್ ಅಲ್ಲ ಸಾರ್ ಅದು. ಹೋದ್ಸಲ ರೋಡ್ ಕೆಲಸ ಆದಾಗ್ಲೇ ಪಕ್ಕದ ಮೇನಿಗೆ ಹಾಕ್ಬಿಟ್ವಿ. ನಾಲ್ಕು ಬಾಕ್ಸೂ ಅಲ್ಲೇ ಇದಾವೆ, ಹಾಲಿನ ಬೂತ್ ಎದುರಿಗೆ ನೋಡಿ."

ನಡುರಾತ್ರಿ ದಾಟಿದ ಮೇಲೆ ಸಂಪರ್ಕ ಬಂತು. ಮರುದಿನದ ಮೀಟಿಂಗಿನಲ್ಲಿ ಮೇಲಿನವರು ಕೇಳಿದ ಮೊದಲ ಪ್ರಶ್ನೆ, ಕೇಬಲ್ ಬದಲಿಸಿದಾಗ ಸಿಸ್ಟಮ್‌ನಲ್ಲಿ ಯಾಕೆ ಹಾಕಲಿಲ್ಲ ಎಂದು. ಉತ್ತರ ಸರಳ. ಸಿಸ್ಟಮ್‌ನಲ್ಲಿ ಹಾಕಲು ಲಾಗಿನ್ ಬೇಕು, ಲಾಗಿನ್ ಕಂಪನಿ ನೌಕರರಿಗೆ ಮಾತ್ರ. ಕೇಬಲ್ ಬದಲಿಸಿದವರು ಗುತ್ತಿಗೆಯವರು. ಅವರಿಗೆ ದುಡ್ಡು ಬರುವುದು ಸಂಪರ್ಕ ವಾಪಸ್ ಬಂದದ್ದಕ್ಕೆ, ಬರೆದಿಟ್ಟದ್ದಕ್ಕಲ್ಲ. ಬರೆಯುವ ಕಷ್ಟ ಒಬ್ಬರಿಗೆ, ಬರೆದಿದ್ದರ ಲಾಭ ಎರಡು ವರ್ಷದ ನಂತರ ಬೇರೊಬ್ಬರಿಗೆ. ಇಂಥ ಏರ್ಪಾಡಿನಲ್ಲಿ ದಾಖಲೆ ಸರಿಯಿರಲಿ ಎಂದು ಸುತ್ತೋಲೆ ಹೊರಡಿಸುವುದು ಶುದ್ಧ ಕಾಲಹರಣ. ಮುಂದಿನ ಇಡೀ ಯೋಜನೆಯನ್ನು ನಾನು ಅಳೆಯುವುದು ಈ ಒಂದು ಗಂಟನ್ನು ಬಿಡಿಸಿತೋ ಇಲ್ಲವೋ ಎಂಬುದರಿಂದ. ಕ್ಲೌಡಿಗೆ ಹೋಯಿತೇ, ಮೈಕ್ರೋಸರ್ವಿಸ್ ಆಯಿತೇ ಎಂಬುದೆಲ್ಲ ಆಮೇಲಿನ ಮಾತು.

ಮೊದಲು ಯಾವುದು

ದೊಡ್ಡ ಸಾಫ್ಟ್‌ವೇರ್ ಮಾರಾಟಗಾರರು ಇಡೀ ಸೂಟ್ ತಂದು ಮುಂದಿಟ್ಟರು. ಹಳೆಯದನ್ನು ಒಂದು ಶನಿವಾರ ರಾತ್ರಿ ಆರಿಸಿ, ಹೊಸದನ್ನು ಭಾನುವಾರ ಹಚ್ಚುವ ಯೋಜನೆ. ಇದನ್ನು ತಳ್ಳಿಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊಳೆತ ದತ್ತಾಂಶವನ್ನು ಹೊಸ ಪಾತ್ರೆಗೆ ಸುರಿದರೆ ಕಾರಂಜಿ ಹೊಸ ಪರದೆಯಲ್ಲೂ ಅದೇ ಪಾರ್ಕಿನಲ್ಲಿ ಇರುತ್ತದೆ. ಹಳೇ ಪ್ಯಾಕೇಜನ್ನೇ ಮೇಲ್ದರ್ಜೆಗೆ ಏರಿಸುವ ದಾರಿ ಇರಲಿಲ್ಲ. ಉಳಿದದ್ದು ತುಂಡುತುಂಡಾಗಿ ಬದಲಿಸುವುದು. ಹಳೆಯದರ ಮುಂದೆ ತೆಳುವಾದ ಒಂದು ಪದರ ಕಟ್ಟಿ, ಹೊರಗಿನವರೆಲ್ಲ ಆ ಪದರದ ಜೊತೆಗೇ ಮಾತಾಡುವಂತೆ ಮಾಡಿ, ಹಿಂದೆ ಒಂದೊಂದೇ ಭಾಗ ತೆಗೆದು ಹೊಸದು ಕೂರಿಸುವುದು. ಸಾಫ್ಟ್‌ವೇರ್ ಲೋಕದಲ್ಲಿ ಮಾರ್ಟಿನ್ ಫೌಲರ್ 2004ರಲ್ಲಿ ಇದಕ್ಕೆ ಮರವನ್ನು ಸುತ್ತಿ ಬೆಳೆಯುವ ಅತ್ತಿ ಜಾತಿಯ ಗಿಡದ ಹೆಸರಿಟ್ಟಿದ್ದರು.

ಆ ಪದರಕ್ಕೆ ಟಿಎಂ ಫೋರಂನ ಓಪನ್ ಎಪಿಐಗಳನ್ನು ಬಳಸಿದರು. 1988ರಲ್ಲಿ ಹುಟ್ಟಿದ ಈ ಸಂಸ್ಥೆ ಟೆಲಿಕಾಂ ಸಾಫ್ಟ್‌ವೇರುಗಳು ಒಂದರ ಜೊತೆ ಒಂದು ಮಾತಾಡುವ ನಮೂನೆಗಳನ್ನು ಗೊತ್ತುಮಾಡುತ್ತದೆ. ಸೇವೆಯ ಆರ್ಡರ್‌ಗೆ 641, ಸೇವೆಯ ಇನ್ವೆಂಟರಿಗೆ 638, ಉಪಕರಣಗಳ ಇನ್ವೆಂಟರಿಗೆ 639, ಟಿಕೆಟ್‌ಗೆ 621, ಅಲಾರಂಗೆ 642. ನಮ್ಮ ಕೆಲಸಕ್ಕೆ ಇವು ಐದೇ ಸಾಕಾದವು. ಪಟ್ಟಿಯಲ್ಲಿರುವ ಎಲ್ಲವನ್ನೂ ಅಳವಡಿಸಬೇಕು ಎಂದು ಹೊರಡುವ ಕಂಪನಿಗಳು ಎರಡು ವರ್ಷ ನಮೂನೆಗಳಲ್ಲೇ ಕಳೆಯುತ್ತವೆ. ಈ ನಮೂನೆಗಳ ದೊಡ್ಡ ಉಪಯೋಗ ತಾಂತ್ರಿಕವಾದದ್ದೂ ಅಲ್ಲ: ಎರಡು ತಂಡಗಳು ಫೀಲ್ಡಿನ ಹೆಸರಿಗೆ ಜಗಳವಾಡಿದಾಗ ತೋರಿಸಲು ಮೂರನೆಯವರು ಬರೆದ ಕಾಗದವೊಂದು ಇರುತ್ತದೆ.

ಜಗಳ ಆದದ್ದು ಅನುಕ್ರಮದ ಬಗ್ಗೆ. ಆಡಳಿತದವರಿಗೆ ಅಲಾರಂ ಪರದೆ ಮೊದಲು ಬೇಕಿತ್ತು. ಅದು ಕಣ್ಣಿಗೆ ಕಾಣುತ್ತದೆ, ಗೋಡೆಯ ಮೇಲೆ ಹಾಕಬಹುದು. ಇನ್ನೊಂದು ಒತ್ತಡ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನದು. 2006ರ ಬ್ರಾಡ್‌ಬ್ಯಾಂಡ್ ನಿಯಮಗಳ ಪ್ರಕಾರ ಶೇಕಡಾ 90ಕ್ಕಿಂತ ಹೆಚ್ಚು ದೂರುಗಳು ಮರು ಕೆಲಸದ ದಿನದೊಳಗೆ, ಶೇಕಡಾ 99 ಮೂರು ಕೆಲಸದ ದಿನದೊಳಗೆ ಸರಿಯಾಗಬೇಕಿತ್ತು. 2024ರ ಅಕ್ಟೋಬರ್ 1ರಿಂದ ಹಳೇ ನಿಯಮಗಳನ್ನೆಲ್ಲ ಒಟ್ಟುಗೂಡಿಸಿದ ಹೊಸ ನಿಯಮಾವಳಿ ಬಂತು. ವರದಿ ಕೊಡುವವರಿಗೆ ಅಲಾರಂ ಮತ್ತು ಟಿಕೆಟ್ಟೇ ಮುಖ್ಯ ಅನ್ನಿಸುವುದು ಸಹಜ. ಆದರೆ ನೂರು ಅಲಾರಂಗಳನ್ನು ಒಂದು ಕಾರಣಕ್ಕೆ ಕಟ್ಟಬೇಕಾದರೆ ಆ ನೂರು ಮನೆಗಳು ಯಾವ ಕೇಬಲಿನಲ್ಲಿವೆ ಎಂದು ಗೊತ್ತಿರಬೇಕು. ಇನ್ವೆಂಟರಿ ಇಲ್ಲದ ಕೋರಿಲೇಶನ್ ಬರೀ ಊಹೆ. ಕೊನೆಗೆ ರಾಜಿಯಾಯಿತು: ಒಂದೇ ಒಂದು ಎಕ್ಸ್‌ಚೇಂಜಿನ ವ್ಯಾಪ್ತಿಯಲ್ಲಿ ಇನ್ವೆಂಟರಿ ಸರಿಪಡಿಸಿ, ಅಲ್ಲೇ ಹೊಸ ಅಲಾರಂ ಪರದೆ ಹಾಕಿ ತೋರಿಸುವುದು, ಉಳಿದ ಕಡೆ ಇನ್ವೆಂಟರಿ ಮುಗಿಯುವವರೆಗೆ ಹಳೆಯದೇ.

ಬಾಯಿಲ್ಲದ ಬಾಕ್ಸುಗಳು

ಇನ್ವೆಂಟರಿ ಸರಿಪಡಿಸುವುದು ಸುಲಭ ಎಂದು ಕಾಗದದ ಮೇಲೆ ಎಲ್ಲರಿಗೂ ಅನ್ನಿಸುತ್ತದೆ. ಜಾಲವನ್ನೇ ಕೇಳಿದರಾಯಿತಲ್ಲ? ಓಎಲ್‌ಟಿಯನ್ನು ಕೇಳಿದರೆ ಯಾವ ಪೋರ್ಟಿನಲ್ಲಿ ಯಾವ ಪೆಟ್ಟಿಗೆ ಇದೆ ಎಂದು ಹೇಳುತ್ತದೆ. ಮನೆಯಲ್ಲಿರುವ ಪ್ರತಿ ಪೆಟ್ಟಿಗೆಗೂ, ಅಂದರೆ ಓಎನ್‌ಟಿಗೂ, ನಾಲ್ಕು ಅಕ್ಷರದ ತಯಾರಕರ ಸಂಕೇತ ಮತ್ತು ಎಂಟು ಅಂಕೆ-ಅಕ್ಷರಗಳ ಸೀರಿಯಲ್ ನಂಬರ್ ಇರುತ್ತದೆ. ಮಾರನೇ ವಾರವೇ ಆ ಪಟ್ಟಿ ಕೈಗೆ ಬಂತು, ಹಳೇ ದಾಖಲೆಯ ಜೊತೆ ಹೋಲಿಸಿಯೂ ಆಯಿತು. ಹೊಂದದ ಸಾಲುಗಳು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದ್ದವು. ಆದರೆ ಅದು ತಿದ್ದಬಹುದಾದ ಗೊಂದಲ.

ನಿಜವಾದ ತೊಂದರೆ ಓಎಲ್‌ಟಿಗೆ ಮರ ಗೊತ್ತು, ಕೊಂಬೆ ಗೊತ್ತಿಲ್ಲ ಎಂಬುದು. ಪೋರ್ಟಿನಿಂದ ಹೊರಟ ಬೆಳಕು 64 ಮನೆಗೂ ಒಂದೇ ಸಮ ಹೋಗುತ್ತದೆ. ಜಾತ್ರೆಯಲ್ಲಿ ಮೈಕಿನಲ್ಲಿ ಹೆಸರು ಕೂಗಿದಂತೆ, ಎಲ್ಲರಿಗೂ ಕೇಳಿಸುತ್ತದೆ, ತಮ್ಮ ಹೆಸರು ಬಂದವರು ಮಾತ್ರ ತೆಗೆದುಕೊಳ್ಳುತ್ತಾರೆ. ನಡುವೆ ಇರುವ ಸ್ಪ್ಲಿಟರ್ ಬರೀ ಗಾಜು. ಅದಕ್ಕೆ ಕರೆಂಟಿಲ್ಲ, ಐಪಿ ವಿಳಾಸ ಇಲ್ಲ, ಕೇಳಿದರೆ ಹೇಳಲು ಬಾಯಿಲ್ಲ. ಈ ಮನೆ ಹಾಲಿನ ಬೂತ್ ಎದುರಿನ ಬಾಕ್ಸಿನಲ್ಲಿದೆಯೋ ಗಣೇಶನ ಗುಡಿ ಹಿಂದಿನ ಬಾಕ್ಸಿನಲ್ಲಿದೆಯೋ ಎಂಬುದು ಜಾಲದ ಯಾವ ಉಪಕರಣಕ್ಕೂ ತಿಳಿಯದು. ಕೇಬಲ್ ಕಟ್ ಆದಾಗ ಬೇಕಾಗುವ ಮಾಹಿತಿ ಅದೊಂದೇ.

ವಿಳಾಸದಿಂದ ಹಿಡಿಯೋಣವೆಂದರೆ ಇದು ಬೆಂಗಳೂರು. 12ನೇ ಕ್ರಾಸ್ ಇದ್ದರೆ 12ನೇ 'ಎ' ಕ್ರಾಸೂ ಇರುತ್ತದೆ, ಹಳೇ ನಂಬರಿನ ಪಕ್ಕ ಹೊಸ ನಂಬರೂ ಇರುತ್ತದೆ. ಜಯನಗರದಲ್ಲಿ 4ನೇ ಬ್ಲಾಕು ಒಂದು, 4ನೇ 'ಟಿ' ಬ್ಲಾಕು ಇನ್ನೊಂದು. ಕಾಲ್ ಸೆಂಟರಿನವರು ಕೇಳಿಸಿಕೊಂಡಂತೆ ಬರೆದ ವಿಳಾಸಗಳಲ್ಲಿ "ಅದೇ ಸಾರ್, ಮೆಡಿಕಲ್ ಸ್ಟೋರ್ ಮೇಲೆ" ಎಂಬ ಸಾಲು ಎಷ್ಟು ಸಲ ಇದೆಯೋ. ವಿಳಾಸ ಹೊಂದಿಸುವ ಸಾಫ್ಟ್‌ವೇರ್ ಒಂದನ್ನು ಪ್ರಯತ್ನಿಸಿ ಕೈಬಿಟ್ಟರು. ಬಾಕ್ಸಿನ ಅಕ್ಷಾಂಶ ರೇಖಾಂಶವೇ ಗುರುತು, ವಿಳಾಸ ಬರೀ ವಿವರಣೆ ಎಂದು ತೀರ್ಮಾನವಾಯಿತು.

ಆಮೇಲೆ ಬಂದದ್ದು ನನ್ನ ಪ್ರಕಾರ ಇಡೀ ಯೋಜನೆಯ ಜಾಣತನದ ಭಾಗ. ಅದು ಯಾವ ಮಾರಾಟಗಾರರ ಸ್ಲೈಡಿನಿಂದಲೂ ಬರಲಿಲ್ಲ, ನಾಕ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳಿಂದ ಬಂತು. ಆಕೆ ಹೇಳಿದ್ದು ಇಷ್ಟೇ: "ಒಟ್ಟಿಗೆ ಬೀಳೋ ಮನೆಗಳು ಒಟ್ಟಿಗೇ ಇರ್ತಾವಲ್ವಾ ಸಾರ್?"

ಹಳೇ ಅಲಾರಂ ವ್ಯವಸ್ಥೆ ಎಷ್ಟೇ ಮೊಂಡಾಗಿದ್ದರೂ ವರ್ಷಗಳ ದಾಖಲೆಯನ್ನು ಡಿಸ್ಕಿನಲ್ಲಿ ಇಟ್ಟುಕೊಂಡಿತ್ತು. ಯಾರೋ ಬೀದಿಯ ಬಾಕ್ಸ್ ತೆರೆದು ಕೈಯಾಡಿಸಿದಾಗ, ಲಾರಿ ತಗುಲಿ ತಂತಿ ಹರಿದಾಗ, ಒಂದೇ ಸ್ಪ್ಲಿಟರ್‌ನ ಎಂಟು ಮನೆಗಳು ಒಂದೇ ಕ್ಷಣದಲ್ಲಿ ಬಿದ್ದು ಹೆಚ್ಚುಕಮ್ಮಿ ಒಂದೇ ಕ್ಷಣದಲ್ಲಿ ಎದ್ದಿರುತ್ತವೆ. ಹಳೇ ಅಲಾರಂಗಳನ್ನೆಲ್ಲ ಓದಿ, ಪದೇಪದೇ ಜೊತೆಗೆ ಬಿದ್ದವರನ್ನು ಒಂದು ಗುಂಪು ಮಾಡಿದರೆ ಕೊಂಬೆಗಳು ತಾವಾಗಿ ಕಾಣತೊಡಗುತ್ತವೆ. ಇದಕ್ಕೆ ಇನ್ನೆರಡು ಸುಳಿವು ಸೇರಿಸಿದರು. ಮೊದಲನೆಯದು ದೂರ. ಮನೆಗಳು ಒಬ್ಬರ ಮೇಲೊಬ್ಬರು ಮಾತಾಡದಂತೆ ಸರದಿ ಹಂಚಲು ಓಎಲ್‌ಟಿ ಪ್ರತಿ ಪೆಟ್ಟಿಗೆಗೂ ಬೆಳಕು ಹೋಗಿ ಬರುವ ಹೊತ್ತನ್ನು ಅಳೆದೇ ಇರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುವುದರಿಂದ ಅದನ್ನು ಮೀಟರಿಗೆ ಬದಲಿಸಬಹುದು. ಎರಡನೆಯದು ಮನೆಗೆ ಮುಟ್ಟುವ ಬೆಳಕಿನ ಬಲ. ಎಂಟು ಕವಲಿನ ಒಂದು ಸ್ಪ್ಲಿಟರ್ ಸುಮಾರು ಹತ್ತೂವರೆ ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಕುಂದಿತು ಎಂಬುದರ ಅಳತೆ) ತಿನ್ನುತ್ತದೆ, ಎರಡು ಸೇರಿ 21. ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ದರ್ಜೆಯ ಜಿಪಾನ್ ಉಪಕರಣಗಳಲ್ಲಿ ಒಟ್ಟು 28 ಡಿಬಿ ಕಳೆಯಬಹುದು. ಲೆಕ್ಕಕ್ಕಿಂತ ತುಂಬಾ ಹೆಚ್ಚು ಕಳೆದಿದ್ದರೆ, ದಾಖಲೆಯಲ್ಲಿ ಇಲ್ಲದ ಮೂರನೇ ಸ್ಪ್ಲಿಟರನ್ನು ಯಾರೋ ನಡುವೆ ತೂರಿಸಿದ್ದಾರೆ ಎಂದು ಅನುಮಾನಿಸಬೇಕು. ಹಾಗೆ ಅನುಮಾನಿಸಿ ಹೋದ ಕಡೆ ಕೆಲವು ಸಿಕ್ಕವು ಕೂಡ.

ದೂರದ ಸುಳಿವು ಕೈಕೊಟ್ಟದ್ದೂ ಇದೆ. ಕಂಬದ ಮೇಲೆ ಮುಂದೆ ಬೇಕಾಗಬಹುದೆಂದು ಹೆಚ್ಚಿನ ಕೇಬಲನ್ನು ಸುರುಳಿ ಸುತ್ತಿ ನೇತುಹಾಕಿರುತ್ತಾರೆ. ನಡೆದರೆ ಹತ್ತು ಹೆಜ್ಜೆಯ ಮನೆ ಬೆಳಕಿನ ಲೆಕ್ಕದಲ್ಲಿ ಬೀದಿಯ ತುದಿಗೆ ಹೋಗಿ ಕೂತಿರುತ್ತದೆ.

ಲೆಕ್ಕ ಎಷ್ಟೇ ಜಾಣತನದ್ದಾದರೂ ಅದು ಕೊಡುವುದು "ಈ ಎಂಟು ಮನೆ ಒಂದೇ ಬಾಕ್ಸಿನವು" ಎಂಬ ಗುಂಪನ್ನು ಮಾತ್ರ. ಆ ಬಾಕ್ಸ್ ಯಾವ ಕಂಬದಲ್ಲಿದೆ ಎಂದು ನೋಡಲು ಮನುಷ್ಯ ಹೋಗಲೇಬೇಕು. ಇಲ್ಲಿಗೆ ಮತ್ತೆ ಹಳೇ ಗಂಟು ಬಂತು: ಯಾರು ಬರೆಯುತ್ತಾರೆ, ಅವರಿಗೇನು ಲಾಭ?

ಗುತ್ತಿಗೆಯ ಒಪ್ಪಂದವನ್ನೇ ತಿದ್ದಿದರು. ಟಿಕೆಟ್ ಮುಚ್ಚಬೇಕಾದರೆ ಫೋನಿನ ಆ್ಯಪಿನಲ್ಲಿ ಬಾಕ್ಸಿನ ಗುರುತು, ಪೋರ್ಟ್ ನಂಬರ್ ಮತ್ತು ಬಾಕ್ಸಿನ ಒಳಗಿನ ಫೋಟೋ ಕೊಡಬೇಕು, ಇಲ್ಲದಿದ್ದರೆ ಆ ಕೆಲಸದ ದುಡ್ಡು ಬಿಲ್ಲಿಗೆ ಸೇರದು. ಇದು ಕೋಲು. ಇನ್ನೊಂದು ಕಡೆ, ದಾಖಲೆ ತಪ್ಪಿದೆ ಎಂದು ತೋರಿಸಿಕೊಟ್ಟರೆ ಅದಕ್ಕೆ ಪ್ರತ್ಯೇಕ ದರ. ಹಣಕಾಸಿನವರು ಇದನ್ನು ಒಪ್ಪಲು ಬಹಳ ಸತಾಯಿಸಿದರು. ತಪ್ಪು ಹುಡುಕಿದ್ದಕ್ಕೆ ದುಡ್ಡು ಕೊಟ್ಟರೆ ತಪ್ಪನ್ನು ಹುಟ್ಟಿಸಿಯೇ ತರುತ್ತಾರೆ ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲದಿಲ್ಲ. ಅದಕ್ಕೆ ಒಂದು ತಡೆ: ಅದೇ ಹುಡುಗ ತಾನೇ ಹಾಕಿದ ದಾಖಲೆಯನ್ನು ತಾನೇ ತಿದ್ದಿದರೆ ದರ ಇಲ್ಲ, ಮತ್ತು ತಿದ್ದುಪಡಿ ಲೆಕ್ಕದ ಗುಂಪಿಗೆ ಹೊಂದದಿದ್ದರೆ ಇನ್ನೊಬ್ಬರು ಹೋಗಿ ನೋಡುತ್ತಾರೆ. ಆ್ಯಪ್ ಕನ್ನಡದಲ್ಲಿರಲಿ, ಪರದೆ ಒಂದೇ ಇರಲಿ ಎಂದು ಹಟ ಹಿಡಿದದ್ದು ಫೀಲ್ಡ್ ಸೂಪರ್‌ವೈಸರ್. ಹಳೇ ಸಿಸ್ಟಮ್‌ನಲ್ಲಿ ಇದೇ ಕೆಲಸಕ್ಕೆ ಐದು ಇಂಗ್ಲಿಷ್ ಪರದೆಗಳಿದ್ದವು.

ಗುರುತಿಗೆ ಮೊದಲು ಕ್ಯೂಆರ್ ಸ್ಟಿಕ್ಕರ್ ಅಂಟಿಸಿದರು. ಬೇಸಿಗೆ ಕಳೆಯುವಷ್ಟರಲ್ಲಿ ಕಲಬುರಗಿ ಕಡೆಯ ಹುಡುಗನೊಬ್ಬ ಫೋನ್ ಮಾಡಿ, "ಬಾಕ್ಸ್ ಮ್ಯಾಲೆ ಏನೂ ಇಲ್ರಿ ಸರ್, ಬಿಸಿಲಿಗೆ ಅಳಿಸಿ ಹೋಗೈತಿ" ಅಂದ. ಅಳಿಸದೆ ಉಳಿದವುಗಳ ಮೇಲೆ ಪಿಜಿಯವರ ಪೋಸ್ಟರು ಕೂತಿತ್ತು. ಆಮೇಲೆ ನಂಬರ್ ಒತ್ತಿದ ತಗಡಿನ ಬಿಲ್ಲೆಯನ್ನು ತಂತಿಯಿಂದ ಕಟ್ಟಿದರು, ಆ್ಯಪ್ ಕೂಡ ಹುಡುಗ ನಿಂತ ಜಾಗ ನೋಡಿ ಹತ್ತಿರದ ಬಾಕ್ಸುಗಳ ಪಟ್ಟಿಯನ್ನು ತಾನೇ ಕೊಡುವಂತಾಯಿತು.

ಮರೆಯಬಾರದ ಇನ್ನೊಂದು ಲಾಭ ಇದೆ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯೂ ಡಿಗ್' ಆ್ಯಪ್ ತಂದಿತು. ಅಗೆಯುವವರು ಅದರಲ್ಲಿ ತಿಳಿಸಿದರೆ ಆ ಜಾಗದಲ್ಲಿ ಕೇಬಲ್, ಪೈಪ್ ಇರುವವರಿಗೆ ಸಂದೇಶ ಹೋಗುತ್ತದೆ. ಒಳ್ಳೆಯ ಏರ್ಪಾಡು, ಆದರೆ ನಿಮ್ಮ ಕೇಬಲ್ ನಕ್ಷೆಯಲ್ಲಿ ಪಾರ್ಕಿನೊಳಗೆ ಇದ್ದು ನೆಲದಲ್ಲಿ ಪಕ್ಕದ ಮೇನಿನಲ್ಲಿದ್ದರೆ ಸಂದೇಶ ಬರುವುದು ಪಾರ್ಕು ಅಗೆಯುವಾಗ ಮಾತ್ರ.

ಆನ್ ಮಾಡುವ ಕೆಲಸ

ಇದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹಳೇ ಸ್ಕ್ರಿಪ್ಟು ಓಎಲ್‌ಟಿಗೆ ಲಾಗಿನ್ ಆಗಿ ಒಂದೊಂದೇ ಕಮಾಂಡ್ ಹೊಡೆಯುತ್ತಿತ್ತು. ನಡುವೆ ಕಡಿದರೆ ವಿಎಲ್ಯಾನ್ (ಜಾಲದೊಳಗೆ ಬೇರ್ಪಡಿಸಿದ ದಾರಿ) ಹುಟ್ಟಿರುತ್ತಿತ್ತು, ಗ್ರಾಹಕರ ಸೇವೆ ಹುಟ್ಟಿರುತ್ತಿರಲಿಲ್ಲ. ಅಂಥ ಅರೆಬೆಂದ ಆರ್ಡರುಗಳನ್ನು ಬಿಡಿಸಲೆಂದೇ ಮೂವರು ಕೂತಿದ್ದರು. ಹೊಸ ಓಎಲ್‌ಟಿಗಳು ಉಪಕರಣಗಳ ಸೆಟ್ಟಿಂಗ್ ಬದಲಿಸುವ ನೆಟ್‌ಕಾನ್ಫ್ ಎಂಬ ಭಾಷೆಯನ್ನು ಅರ್ಥಮಾಡಿಕೊಳ್ಳುತ್ತವೆ. 2006ರಲ್ಲಿ ಬಂದು 2011ರಲ್ಲಿ ಆರ್‌ಎಫ್‌ಸಿ 6241 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಾಗಿ ಪರಿಷ್ಕಾರಗೊಂಡ ಈ ಪದ್ಧತಿಯಲ್ಲಿ, ಉಪಕರಣ ಆ ಸೌಲಭ್ಯ ಕೊಟ್ಟಿದ್ದರೆ, ಬದಲಾವಣೆಗಳನ್ನೆಲ್ಲ ಒಟ್ಟಿಗೆ ಕಳಿಸಿ, ಪೂರ್ತಿ ಆದರೆ ಆಯಿತು, ಇಲ್ಲದಿದ್ದರೆ ಮೊದಲಿನಂತೆಯೇ ಇರಲಿ ಎನ್ನಬಹುದು. ಹಳೇ ಮಾಡೆಲಿನ ಓಎಲ್‌ಟಿಗಳಿಗೆ ಅದು ಬಾರದು. ಅವುಗಳ ಮುಂದೆ ಒಂದು ಅಡಾಪ್ಟರ್ ಬರೆದು, ಪ್ರತಿ ಹೆಜ್ಜೆಗೂ ಹಿಂದೆಗೆಯುವ ಹೆಜ್ಜೆ ಸೇರಿಸಿದರು. ಚಂದವಿಲ್ಲ, ನಡೆಯುತ್ತದೆ.

ಎಕ್ಸ್‌ಚೇಂಜುಗಳನ್ನು ಒಂದೊಂದಾಗಿ ಹೊಸದಕ್ಕೆ ದಾಟಿಸುವಾಗ ಎರಡೇ ಕಟ್ಟುನಿಟ್ಟು ಇದ್ದವು. ಜನ ಮನೆಯಿಂದ ಕೆಲಸ ಶುರುಮಾಡುವ ಸೋಮವಾರ ಬೆಳಿಗ್ಗೆಯ ಹಿಂದಿನ ರಾತ್ರಿ ಬೇಡ. ಆರ್‌ಸಿಬಿ ಮ್ಯಾಚ್ ಇರುವ ಸಂಜೆ ಏನನ್ನೂ ಮುಟ್ಟಬೇಡಿ.

ಮಳೆ, ಕರೆಂಟು, ಮರ

ಹೊಸ ಅಲಾರಂ ವ್ಯವಸ್ಥೆಯಲ್ಲಿ ಎಲ್ಲರೂ ಮೆಚ್ಚಿದ ಭಾಗ ಕರೆಂಟ್ ಹೋದದ್ದನ್ನೂ ಫೈಬರ್ ಹರಿದದ್ದನ್ನೂ ಬೇರೆ ಮಾಡುವುದು. ಓಎನ್‌ಟಿಗೆ ಕರೆಂಟ್ ಹೋದಾಗ, ಒಳಗೆ ಉಳಿದ ಕೊನೆಯ ಚೂರು ವಿದ್ಯುತ್ತಿನಲ್ಲಿ ಅದು 'ಡೈಯಿಂಗ್ ಗ್ಯಾಸ್ಪ್' ಎಂಬ ಸಂದೇಶ ಕಳಿಸಿ ಆರುತ್ತದೆ. ಫೈಬರ್ ಹರಿದರೆ ಯಾವ ಸಂದೇಶವೂ ಇಲ್ಲದೆ ಸುಮ್ಮನಾಗುತ್ತದೆ. ಹಳೇ ಪರದೆ ಎರಡನ್ನೂ ಒಂದೇ ಕೆಂಪಿನಲ್ಲಿ ತೋರಿಸುತ್ತಿತ್ತು. ಬಡಾವಣೆಯಲ್ಲಿ ಕರೆಂಟ್ ಹೋದರೆ ಹುಡುಗರು ಬೈಕ್ ಹತ್ತುತ್ತಿದ್ದರು, ತಲುಪುವ ಹೊತ್ತಿಗೆ ಕರೆಂಟೂ ಬಂದಿರುತ್ತಿತ್ತು, ಇಂಟರ್‌ನೆಟ್ಟೂ ಬಂದಿರುತ್ತಿತ್ತು. ಹೊಸ ನಿಯಮ: ಒಂದೇ ಜಾಗದಿಂದ ಹಲವು ಕೊನೆಯುಸಿರು ಒಟ್ಟಿಗೆ ಬಂದರೆ ಅದು ಕರೆಂಟು, ಟಿಕೆಟ್ ಬೇಡ, ಯಾರನ್ನೂ ಕಳಿಸಬೇಡ.

ಮುಂಗಾರಿಗೆ ಮುಂಚಿನ ಒಂದು ಸಂಜೆ, ಬೆಂಗಳೂರಿಗೆ ಮಾಮೂಲಿಯಾದ ಆಲಿಕಲ್ಲು ಮಳೆ. ಮೊದಲು ಕರೆಂಟ್ ಹೋಯಿತು. ಕೊನೆಯುಸಿರುಗಳು ಬಂದವು, ವ್ಯವಸ್ಥೆ ಇಡೀ ಪ್ರದೇಶವನ್ನು ಕರೆಂಟಿನ ಖಾತೆಗೆ ಬರೆದು ಬಾಯಿ ಮುಚ್ಚಿಸಿತು. ಹತ್ತು ನಿಮಿಷದ ಮೇಲೆ ಅದೇ ಬೀದಿಯಲ್ಲಿ ಮರ ಬಿದ್ದು ಕೇಬಲ್ ಹರಿಯಿತು. ಆದರೆ ಪೆಟ್ಟಿಗೆಗಳು ಆಗಲೇ ಆರಿದ್ದವು, ಹರಿದದ್ದನ್ನು ಹೇಳಲು ಯಾರೂ ಎಚ್ಚರವಿರಲಿಲ್ಲ. ಯುಪಿಎಸ್ ಇದ್ದ ಕೆಲವು ಮನೆಗಳ ಪೆಟ್ಟಿಗೆಗಳು ಮಾತ್ರ ಮರ ಬಿದ್ದಾಗ ಸಂದೇಶವಿಲ್ಲದೆ ಹೋದವು. ನಿಯಮ ಅವನ್ನೂ ಕರೆಂಟಿನ ಗುಂಪಿಗೇ ಸೇರಿಸಿತು. ರಾತ್ರಿ ಕರೆಂಟ್ ಬಂತು. ಪರದೆ ಹಸಿರಾಗಿಯೇ ಇತ್ತು, ಗ್ರಾಹಕರ ಫೋನು ನಿಲ್ಲಲಿಲ್ಲ.

ತಿದ್ದಿದ್ದು ಹೀಗೆ. ಕೊನೆಯುಸಿರು ಬಂದ ಗುಂಪನ್ನು ಮುಚ್ಚುವುದಿಲ್ಲ, ತಡೆಹಿಡಿಯುತ್ತದೆ. ಗುಂಪಿನಲ್ಲಿ ಸಂದೇಶವಿಲ್ಲದೆ ಹೋದ ಒಂದೆರಡು ಪೆಟ್ಟಿಗೆ ಇದ್ದರೆ ಅವನ್ನು ಬೇರೆ ಇಟ್ಟು ನೋಡುತ್ತದೆ. ಅಕ್ಕಪಕ್ಕದ ಬಾಕ್ಸುಗಳ ಮನೆಗಳು ವಾಪಸ್ ಬಂದು ಈ ಬಾಕ್ಸಿನವು ಬರದಿದ್ದರೆ ಆ ಕ್ಷಣವೇ ಫೈಬರ್ ಟಿಕೆಟ್. ಅಕ್ಕಪಕ್ಕ ಎಂದರೆ ಯಾವುದು ಎಂದು ತಿಳಿಯಲು ಇನ್ವೆಂಟರಿ ಬೇಕು. ಹಾಗಾಗಿ ಈ ನಿಯಮ ಪೈಲಟ್ ಪ್ರದೇಶದ, ಅಂದರೆ ಮೊದಲು ಇನ್ವೆಂಟರಿ ಸರಿಪಡಿಸಿದ ಆ ಒಂದು ಎಕ್ಸ್‌ಚೇಂಜಿನ ಹೊರಗೆ ಆಗ ನಡೆಯುತ್ತಲೇ ಇರಲಿಲ್ಲ. ಅನುಕ್ರಮದ ಜಗಳ ಅಲ್ಲಿಗೆ ಮುಗಿಯಿತು.

ಅಂಚಿನ ಸಂಗತಿಗಳು ಮುಗಿಯುವುದಿಲ್ಲ. ಅಗ್ಗದ ಕೆಲವು ಓಎನ್‌ಟಿಗಳು ಕೊನೆಯುಸಿರೂ ಕಳಿಸದೆ ಆರುತ್ತವೆ, ಅವುಗಳ ಮಾಡೆಲ್ ನೋಡಿ ಬೇರೆ ನಿಯಮ. ಮಲ್ಲೇಶ್ವರದ ಕೆಲವು ಮನೆಗಳಿಂದ ದಿನವೂ ರಾತ್ರಿ ಹತ್ತರ ಸುಮಾರಿಗೆ ಕೊನೆಯುಸಿರು ಬರುತ್ತಿತ್ತು, ಬೆಳಗಿನ ಕಾಫಿಯ ಹೊತ್ತಿಗೆ ಪೆಟ್ಟಿಗೆ ಏಳುತ್ತಿತ್ತು. ಮಲಗುವ ಮುಂಚೆ ಅಜ್ಜ ಎಲ್ಲ ಸ್ವಿಚ್ಚುಗಳನ್ನೂ ಆರಿಸುವ ಮನೆಗಳು ಅವು. ಕೃತಕ ಬುದ್ಧಿಮತ್ತೆ ಇದನ್ನೆಲ್ಲ ತಾನೇ ಕಲಿಯುತ್ತದೆ ಎಂದು ಮಾರಾಟಗಾರರೊಬ್ಬರು ಹೇಳಿದರು. ಇರಬಹುದು. ನಾಕ್‌ನವರು ಸಮಯದ ಒಂದು ಸರಳ ಕೋಷ್ಟಕದಿಂದ ಅದೇ ಕೆಲಸ ಮಾಡಿಕೊಂಡರು.

ಈಗ ಎಲ್ಲಿದೆ

ಈಗ ಕೇಬಲ್ ಹರಿದರೆ ಒಂದು ಮೂಲ ಟಿಕೆಟ್ ಹುಟ್ಟುತ್ತದೆ, ಮನೆಗಳ ದೂರುಗಳೆಲ್ಲ ಅದರ ಕೆಳಗೆ ಸೇರುತ್ತವೆ. ಫೋನ್ ಮಾಡಿದವರಿಗೆ "ನಿಮ್ಮ ಬಡಾವಣೆಯಲ್ಲಿ ಕೇಬಲ್ ಕಟ್ ಆಗಿದೆ" ಎಂಬ ದನಿ ಕೇಳಿಸುತ್ತದೆ, ಒಂದೇ ತಂಡ ಹೊರಡುತ್ತದೆ. ಟಿಕೆಟ್‌ಗಳ ಸಂಖ್ಯೆ ಬಿದ್ದುಹೋಯಿತು ಎಂದು ಆಡಳಿತದವರು ಸಂಭ್ರಮಿಸಿದರು. ಅದು ಹೆಚ್ಚಿನಂಶ ಲೆಕ್ಕದ ಆಟ, ಗುಂಪು ಮಾಡಿದರೆ ಸಂಖ್ಯೆ ಬೀಳಲೇಬೇಕು. ನೋಡಬೇಕಾದದ್ದು ಹುಡುಗ ಹೋಗಿ ಅಲ್ಲಿ ಮಾಡಲು ಕೆಲಸವಿಲ್ಲದೆ ವಾಪಸ್ ಬಂದ ಸುತ್ತುಗಳನ್ನು. ಅವು ಕಮ್ಮಿಯಾಗಿವೆ ಎಂದು ಮೊದಲು ಹೇಳಿದ್ದು ಗುತ್ತಿಗೆದಾರರು, ಪೆಟ್ರೋಲ್ ಅವರದೇ ಆದ್ದರಿಂದ.

ಅಪಾರ್ಟ್‌ಮೆಂಟುಗಳು ಇನ್ನೂ ತಲೆನೋವು. ಜಿಪಿಎಸ್‌ಗೆ ಮಹಡಿ ತಿಳಿಯದು, ಡಕ್ಟಿನ ಬೀಗದ ಕೈ ಸೆಕ್ಯುರಿಟಿಯವರ ಹತ್ತಿರ, ಅಸೋಸಿಯೇಷನ್ ಅನುಮತಿ ಇಲ್ಲದೆ ಫೋಟೋ ಇಲ್ಲ. ಅಲ್ಲಿ ಇನ್ವೆಂಟರಿ ಇವತ್ತಿಗೂ ಅರ್ಧ ಊಹೆಯೇ.

ಹಳೇ ಇನ್ವೆಂಟರಿಯ ಸರ್ವರ್ ಕೂಡ ಆರಿಲ್ಲ. ಆಫೀಸುಗಳಿಗೆ ಪ್ರತ್ಯೇಕವಾಗಿ ಮೀಸಲಿಟ್ಟ ಸಂಪರ್ಕಗಳ (ಲೀಸ್ಡ್ ಲೈನ್) ಒಪ್ಪಂದಗಳಲ್ಲಿ ಅದು ಕೊಟ್ಟ ಸರ್ಕ್ಯೂಟ್ ನಂಬರುಗಳೇ ಅಚ್ಚಾಗಿವೆ, ಬಿಲ್ಲಿಂಗ್ ಅವುಗಳ ಮೇಲೆಯೇ ನಿಂತಿದೆ. ನಂಬರ್ ಬದಲಿಸಬೇಕಾದರೆ ಪ್ರತಿ ಒಪ್ಪಂದಕ್ಕೂ ತಿದ್ದುಪಡಿ ಪತ್ರ ಬೇಕು ಎನ್ನುತ್ತಾರೆ ಕಾನೂನು ವಿಭಾಗದವರು. ಹಳೇ ನಂಬರನ್ನೇ ಹೊಸದರಲ್ಲಿ ಎರಡನೇ ಹೆಸರಾಗಿ ಇಟ್ಟುಕೊಂಡರೆ ಸಾಕು ಎನ್ನುತ್ತಾರೆ ಇನ್ವೆಂಟರಿಯವರು. ಬಿಲ್ಲಿಂಗ್‌ನವರು ಅದಕ್ಕಿನ್ನೂ ಒಪ್ಪಿಲ್ಲ, ಮುಂದಿನ ಬಜೆಟ್‌ವರೆಗೆ ಆ ಸರ್ವರಿನ ಬಾಡಿಗೆಯೂ ಮಂಜೂರಾಗಿದೆ.